ಉಳ್ಳಾಗಡ್ಡಿ ದಿಗ್ವಿಜಯ ಅಥವಾ ಬೀಗರ ಮನೆಯಲ್ಲಿ ಕೇಳಬಾರದ ಕರೆಂಟು

ಸ್ವಸ್ತಿ. ಕಟ್ಟಿಗೆಯ ಯುಗವು ಬೂದಿಯಾಗಿ, ಕಲ್ಲಿದ್ದಲಿನ ಯುಗವು ಮಸಿಯಾಗಿ, ತೈಲಯುಗವು ಹೊಗೆಯಾಗಿ ಆಕಾಶವನ್ನಡರುತ್ತಿದ್ದ ಸಂಧಿಕಾಲದಲ್ಲಿ, ಗೋಡೆಯೊಳಗಿನ ಮೂರು ತೂತಿನ ಸಣ್ಣ ಪೆಟ್ಟಿಗೆಯಲ್ಲಿ ವಾಸಮಾಡುತ್ತ ಸಕಲ ಲೋಕವನ್ನು ಆಳುವ, ಮುಟ್ಟಿದವರನ್ನು ಮುನಿದು ಒದೆಯುವ, ಮುಟ್ಟದವರನ್ನು ಮುದ್ದಿನಿಂದ ಸಲಹುವ ಅದೃಶ್ಯರೂಪಿಣಿಯಾದ ವಿದ್ಯುದ್ದೇವಿಗೆ ಕೈಮುಗಿದು, ದೂರದಿಂದಲೇ ಮುಗಿದು, ಈ ಮಹಾಸಮರದ ಕಥೆಯನ್ನು ಹೇಳತೊಡಗುವೆ. ಕೂತು ಕೇಳಿರಿ. ನಿಂತು ಕೇಳಿ ಹೋಗುವಂಥದಲ್ಲ ಇದು. ಚಾರ್ಜ್ ಆಗುವ ಕಥೆ, ಹೊತ್ತು ಹಿಡಿಯುತ್ತದೆ.

ಆ ಯುಗದಲ್ಲಿ ಗದಗೆಂಬ ಮಹಾಪಟ್ಟಣದ ಜವಳಿ ಬಜಾರದೊಳಗೆ, ರವಿಕೆ ಕಣಗಳ ಬೆಟ್ಟಕ್ಕೂ ಟಾವೆಲುಗಳ ಕೋಟೆಗೂ ನಡುವೆ ಗಾದಿಯೇರಿ ಕುಳಿತ, ಗಜಕೋಲನ್ನೇ ಗದೆಯಾಗಿ ಧರಿಸಿದ, ಚೌಕಾಶಿ-ಸೈನ್ಯ-ಸಂಹಾರ-ನಿಪುಣನಾದ, ಸುಲಿದಷ್ಟೂ ಒಳಗೆ ಪದರವುಳ್ಳ ಗಂಭೀರಾಶಯನಾದ, ಉಳ್ಳಾಗಡ್ಡಿ-ವಂಶಾಂಬುಧಿ-ಪೂರ್ಣಚಂದ್ರನಾದ ಶ್ರೀಮಾನ್ ಸಂಗನಬಸಪ್ಪನೆಂಬ ಮಹಾರಥನಿದ್ದನು. ಮಹಾರಥನೆಂದ ಮೇಲೆ ರಥವೊಂದು ಇರಬೇಕಷ್ಟೆ? ಇತ್ತು. ಶ್ವೇತವರ್ಣೆ, ಧೂಮರಹಿತೆ, ತೈಲದ್ವೇಷಿಣಿ, ನಿಃಶಬ್ದಗಾಮಿನಿಯಾದ ವಿದ್ಯುದ್ರಥವದು. ಊರವರು ಕರೆಂಟಿನ ಕಾರು ಎನ್ನುತ್ತಿದ್ದರು. ಅದರ ನಡಿಗೆ ಎಂಥ ಮೌನವೆಂದರೆ, ಗದಗಿನ ರಸ್ತೆಯ ನಡುವೆ ಮೆಲುಕಾಡುತ್ತ ಮಲಗಿದ ದನಗಳು ಅದು ಮೂಗಿನ ಹತ್ತಿರ ಬಂದರೂ ಕಿವಿ ಅಲುಗಿಸುತ್ತಿರಲಿಲ್ಲ. ಆಗ ನಮ್ಮ ವೀರನು ಗಾಜಿಳಿಸಿ, ಕತ್ತು ಹೊರಚಾಚಿ, "ಹೋಯ್! ಹೋಯ್! ಸರೀರಿ!" ಎಂದು ಸ್ವಯಂ ಶಂಖನಾದ ಮಾಡುತ್ತಿದ್ದನು. ಹಾರ್ನ್ ಒತ್ತಿದರೆ ಚಾರ್ಜ್ ಇಳಿಯುತ್ತದೆಂದು ಅವನು ಬಲವಾಗಿ ನಂಬಿದ್ದನು.

ಇನ್ನು ಪ್ರತಿವೀರನ ವರ್ಣನೆ. ಗದಗಿನಿಂದ ಹೊರಟು, ರೋಣವನ್ನು ದಾಟಿ, ಕಪ್ಪು ನೆಲದ ಹೆಸರುಕಾಳಿನ ಹೊಲಗಳ ನಡುವೆ ಹೋದರೆ ಎರೆಹಾಳವೆಂಬ ಊರು. ಅಲ್ಲಿ ಹದಿನಾರು ಕಂಬದ, ಕೆತ್ತನೆಯ ತೊಟ್ಟಿಲಬಾಗಿಲಿನ ಮನೆಯ ಒಡೆಯ, ಮೂರು ಎಮ್ಮೆಗಳ ಅಧಿಪತಿ, ಗಿರಿಜಾಮೀಸೆಯ ಭೀಕರವದನ, ಮೆಣಸಿನಕಾಯಿ-ಕುಲ-ಪ್ರಚಂಡ-ಮಾರ್ತಾಂಡನಾದ ಶ್ರೀಮಾನ್ ಕಳಕಪ್ಪನಿದ್ದನು. ಇವನ ವಾಹನ ಡೀಸೆಲ್ ಜೀಪು. ಅದು ಹೊರಟರೆ ರೋಣದಲ್ಲಿ ಕೂತವರು "ಕಳಕಪ್ಪಾರು ಎದ್ರು" ಎನ್ನುತ್ತಿದ್ದರು. ಉಳ್ಳಾಗಡ್ಡಿಯ ಒಬ್ಬಳೇ ಮಗಳು ದಾನೇಶ್ವರಿಯನ್ನು ಮೆಣಸಿನಕಾಯಿಯ ಹಿರಿಯ ಮಗನಿಗೆ ಕೊಟ್ಟು, ಈ ಎರಡು ಖಾರದ ವಂಶಗಳು ಬೀಗರಾಗಿ ಆಗಷ್ಟೇ ನಾಲ್ಕು ತಿಂಗಳಾಗಿತ್ತು.

ಸಮರದ ಬೀಜವು ಆ ಮದುವೆಯ ಮಂಟಪದಲ್ಲಿಯೇ ಬಿತ್ತು. ಅಕ್ಷತೆ ಬಿದ್ದು, ಊಟವಾಗಿ, ಎಲೆ ಅಡಿಕೆ ತಟ್ಟೆ ತಿರುಗುತ್ತಿದ್ದಾಗ, ಕಳಕಪ್ಪನು ಹೊರಗೆ ನಿಂತಿದ್ದ ಬಿಳಿಯ ರಥದ ಬೆನ್ನು ತಟ್ಟಿ, ನೂರು ಜನರೆದುರು ನಕ್ಕನು.

"ಬೀಗರ, ಛಂದ ಐತ್ರಿ. ಮೊಮ್ಮಕ್ಕಳು ಹುಟ್ಟಿದ್ರ ಆಡಾಕ ಬರತೈತಿ."

ಆ ನುಡಿಯು ಕಿವಿಗೆ ಬೀಳುತ್ತಲೇ, ಪ್ರಳಯಕಾಲದ ಸಪ್ತಸಾಗರಗಳು ಏಕಕಾಲದಲ್ಲಿ ಉಕ್ಕಿದಂತೆ ಉಕ್ಕಿ, ಕ್ರೋಧಾರುಣನೇತ್ರನಾಗಿ, ಸಂಗನಬಸಪ್ಪನು ಎಲೆಯನ್ನುಗುಳಿ ಎದ್ದು ನಿಂತು, 'ಎಲೈ ಧೂಮಧ್ವಜನೇ, ಕೇಳು! ಬರುವ ಶ್ರಾವಣದ ಶುಭದಿನದಂದು ಈ ರಥದಲ್ಲಿಯೇ ನಿನ್ನ ಪುರವನ್ನು ಹೊಕ್ಕು, ಈ ರಥದಲ್ಲಿಯೇ ನನ್ನ ಕುವರಿಯನ್ನು ಕರೆದೊಯ್ಯದಿದ್ದರೆ, ನಿನ್ನ ಮನೆಯ ಒಂದು ಕಿಡಿ ವಿದ್ಯುತ್ತನ್ನು ನಾಲಿಗೆಯಿಂದ ಬೇಡಿದರೆ, ನಾನು ಉಳ್ಳಾಗಡ್ಡಿಯೇ ಅಲ್ಲ!' ಎಂದು ಘರ್ಜಿಸಿದನು. ಘರ್ಜಿಸಿದನೆಂಬುದು ಕಥೆಯ ಮಾತು. ಬೀಗರ ಮುಂದೆ ದನಿಯೇರಿಸುವುದುಂಟೆ? ಅವನು ಹಲ್ಲುಕಿರಿದು ಅಂದದ್ದು ಇಷ್ಟು:

"ಪಂಚಮಿಗೆ ಬರ್ತೇನಲ್ರೀ. ಮಗಳನ್ನ ಇದರಾಗ ಕರಕೊಂಡ ಹೊಕ್ಕೇನಿ. ನಿಮಗೇನೂ ತ್ರಾಸ ಕೊಡೂದಿಲ್ರಿ, ಒಂದ್ ತಟಗ ಕರೆಂಟ್ ಸುದ್ದಾ ಕೇಳೂದಿಲ್ಲ."

ನೂರು ಜನ ಕೇಳಿದರು. ಮಾತು ಮಾತೇ ಆಯಿತು.

ಇಲ್ಲಿ ಬೀಗರ ಧರ್ಮವನ್ನು ಸ್ವಲ್ಪ ತಿಳಿದಿರಬೇಕು. ಹೆಣ್ಣು ಕೊಟ್ಟವನು ಗಂಡಿನ ಮನೆಯಲ್ಲಿ ಏನನ್ನೂ ಕೇಳಬಾರದು. ಪಲ್ಯದಲ್ಲಿ ಉಪ್ಪಿಲ್ಲದಿದ್ದರೆ ಉಪ್ಪಿಲ್ಲದೆಯೇ ಉಣ್ಣಬೇಕು, ಬಿಕ್ಕಳಿಕೆ ಬಂದರೆ ನೀರು ಬರುವ ತನಕ ಬಿಕ್ಕುತ್ತ ಕೂಡಬೇಕು. ಇದು ಎಲ್ಲರಿಗೂ ಗೊತ್ತಿದ್ದ ಅರ್ಧ. ಇನ್ನರ್ಧವನ್ನು ಬಲ್ಲವರು ಕಡಿಮೆ: ಬಂದ ಬೀಗನಲ್ಲಿ ಕೊರತೆಯಿದೆ ಎಂದು ತೋರುವಂಥ ಯಾವುದನ್ನೂ ಮನೆಯವನು ತಾನಾಗಿ ಮುಂದೆ ಮಾಡಬಾರದು. ಹರಿದ ಅಂಗಿಯ ಬೀಗನಿಗೆ ಸೂಜಿ ಕೊಡಬಾರದು. ಈ ಎರಡು ಅರ್ಧಗಳ ನಡುವೆ ಸಿಕ್ಕು ಸತ್ತ ಮಾತುಗಳಿಗೆ ಲೆಕ್ಕವಿಲ್ಲ.

ಶ್ರಾವಣ ಬಂದಿತು. ರೊಟ್ಟಿ ಪಂಚಮಿಯ ದಿನ ಬಂದಿತು. ಮದುವೆಯಾದ ಮೊದಲ ವರ್ಷದ ಹೆಣ್ಣುಮಗಳು ಅಂದು ತವರು ಸೇರಬೇಕು. ಮರುದಿನ ನಾಗಪ್ಪನಿಗೆ ಹಾಲೆರೆಯಬೇಕು, ಜೋಕಾಲಿ ಜೀಕಬೇಕು. ಸಂಗನಬಸಪ್ಪನ ಪಟ್ಟದರಸಿ ಶರಣವ್ವೆಯು ಅಂಗಳದ ಬೇವಿನ ಮರಕ್ಕೆ ಜೋಕಾಲಿ ಕಟ್ಟಿಸಿ, ಹಗ್ಗ ಗಟ್ಟಿಯಿದೆಯೋ ಇಲ್ಲವೋ ಎಂದು ತಾನೇ ಎರಡು ಬಾರಿ ಜೀಕಿ ನೋಡಿದ್ದಳು. ಸೂರ್ಯೋದಯಕ್ಕೆ ವೀರನು ಜರಿರುಮಾಲು ಸುತ್ತಿ, ರಥವನ್ನೇರಿ, ಗುಂಡಿಯೊತ್ತಿ, ಫಲಕವನ್ನು ನೋಡಿದನು. ನೋಡಿ, ಸಿಡಿಲೆರಗಿದ ಆಲದಂತೆ ನಿಶ್ಚೇಷ್ಟಿತನಾದನು. ನೂರಿರಬೇಕಾದಲ್ಲಿ ಅರವತ್ತೊಂದು ಇತ್ತು.

"ಏಯ್, ರಾತ್ರಿ ಹಚ್ಚಿದ್ದ ಕರೆಂಟ್ ಯಾರು ತಗದ್ರು?"

"ನಾನ ತಗದೆ," ಎಂದಳು ಶರಣವ್ವ, ಕೈಯಲ್ಲಿಯ ಹಿಟ್ಟನ್ನು ತಿಕ್ಕುತ್ತ. "ನಿಮ್ಮ ಮೊಬೈಲ್ ರಾತ್ರಿಪೂರ್ತಿ ಹಚ್ಚಿಟ್ಟು ಹೊಟ್ಟಿ ಊದಿಸಿದ್ರಿಲ್ಲೇನು? ಇಷ್ಟ ದೊಡ್ಡ ಗಾಡಿ ಊದಿದ್ರ ಬಾಗಲದಾಗ ಹಿಡಸತೈತೇನು?"

ಈ ತರ್ಕವನ್ನು ಖಂಡಿಸುವ ಶಾಸ್ತ್ರ ಇನ್ನೂ ರಚಿತವಾಗಿಲ್ಲ. ಕಾಯಲು ಹೊತ್ತಿರಲಿಲ್ಲ: ಬೀಗರ ಮನೆಯ ಊಟದ ಹೊತ್ತು ತಪ್ಪಿಸುವಂತಿಲ್ಲ, ದೀಪ ಹಚ್ಚಿದ ಮೇಲೆ ಎರೆಹಾಳದ ಹಿರಿಯರು ಸೊಸೆಯನ್ನು ಹೊಸ್ತಿಲು ದಾಟಿಸುವವರಲ್ಲ, ಮನೆಯ ಲಕ್ಷ್ಮಿ ಹೋಗುತ್ತಾಳೆಂಬ ಭಾವ. ವೀರನು ಹೊರಟನು.

ಆಹಾ, ಆ ಪಯಣದ ಘೋರವನ್ನು ಹೇಗೆ ಬಣ್ಣಿಸಲಿ! ಶ್ರಾವಣದ ಬಿಮ್ಮನೆಯ ಸೆಕೆಯಲ್ಲಿ ಎ.ಸಿ. ಮುಚ್ಚಿ, ರೇಡಿಯೊ ಮುಚ್ಚಿ, ಗಾಜು ಇಳಿಸಿದರೆ ಗಾಳಿ ರಥವನ್ನು ಹಿಂದಕ್ಕೆಳೆಯುವುದೆಂದು ಯಾರೋ ಹೇಳಿದ್ದರಿಂದ ಗಾಜನ್ನೂ ಮುಚ್ಚಿ, ಹಬೆಯೊಳಗಿನ ಕಡುಬಿನಂತೆ ಬೇಯುತ್ತ ಅವನು ನಡೆದನು. ಏರು ಬಂದರೆ ಆಸನದಲ್ಲಿ ಮುಂದಕ್ಕೆ ಬಾಗಿ ರಥಕ್ಕೆ ಸಹಾಯ ಮಾಡಿದನು. ಇಳಿಜಾರು ಬಂದರೆ, ಇಳಿಯುವಾಗ ಗಾಲಿಗಳೇ ಕರೆಂಟನ್ನು ಹಿಂದಿರುಗಿಸುತ್ತವೆಂಬ ಈ ರಥದ ಮಹಿಮೆಯನ್ನು ನೆನೆದು, ಎತ್ತಿನ ಬಂಡಿಗಳಿಗೂ ದಾರಿ ಬಿಟ್ಟು, ಒಂದೊಂದು ಅಂಕಿಯನ್ನೂ ಮುತ್ತಿನಂತೆ ಆಯ್ದುಕೊಂಡನು. ದಾರಿಯಲ್ಲಿ ಧಾಬೆಯೊಂದರ ಮುಂದೆ ಚಾರ್ಜಿಂಗ್ ಯಂತ್ರವೊಂದಿತ್ತು. ಅದರ ಬಾಯಿಗೆ ಗೋಣಿಚೀಲ ಕಟ್ಟಿ, ಮೇಲೆ ಒಂದು ಲುಂಗಿ ಒಣಹಾಕಿದ್ದರು. ಕಟ್ಟೆಯ ಮೇಲೆ ಕೂತ ಮುದುಕನೊಬ್ಬ ರಥವನ್ನು ನೋಡಿ ಕೇಳಿದನು:

"ಎಷ್ಟ್ ಕೊಡತೈತ್ರಿ ಇದು?"

"ಕೊಡೂದಿಲ್ಲೋ ಯಪ್ಪಾ," ಎಂದನು ವೀರನು, "ಬರೇ ತಗೋತೈತಿ."

ಎರೆಹಾಳ ಮುಟ್ಟಿದಾಗ ಫಲಕದಲ್ಲಿ ಹತ್ತೊಂಬತ್ತು. ಮರಳಿ ಹೋಗಲು ನಲವತ್ತಾದರೂ ಬೇಕು. ಆದರೆ ಮಗಳು ಹೊಸ್ತಿಲಲ್ಲಿ ನಿಂತಿದ್ದಳು. ಹಸಿರು ಇಳಕಲ್ ಸೀರೆ, ಮುಡಿ ತುಂಬ ಶ್ಯಾವಂತಿಗೆ, ಕಾಲಬುಡದಲ್ಲಿ ಆಗಲೇ ಕಟ್ಟಿಟ್ಟ ಚೀಲ. "ಅಪ್ಪಾ!" ಎಂದು ಓಡಿಬಂದವಳು ಹತ್ತಿರ ಬಂದು ನಿಂತುಬಿಟ್ಟಳು. "ಯಾಕಪಾ, ಮಳ್ಯಾಗ ತೊಯ್ಸಿಕೊಂಡಿಯೇನು? ಇಲ್ಲಿ ಹನಿ ಸುದ್ದಾ ಬಿದ್ದಿಲ್ಲಲ್ಲ."

ಪ್ರತಿವೀರನು ಹೊರಗೆ ಬಂದನು. ಇಬ್ಬರೂ ಕೈ ಜೋಡಿಸಿದರು. ಯುದ್ಧವು ಆರಂಭವಾಯಿತು.

ಮೊದಲ ಅಸ್ತ್ರವನ್ನು ಬಿಟ್ಟವನು ಉಳ್ಳಾಗಡ್ಡಿ. ಕಟ್ಟೆಯ ಮೇಲೆ ಕೂತು, ನೀರು ಕುಡಿದು, ಯಾರ ಕಡೆಗೂ ನೋಡದೆ, ಎಮ್ಮೆಗಳ ಕೊಟ್ಟಿಗೆಯ ಗೋಡೆಯನ್ನೇ ನೋಡುತ್ತ ಅವನೆಂದನು: "ಮೊಬೈಲ್ ಸತ್ತಂಗಾಗೇತ್ರಿ ಬೀಗರ. ಹೊರಗ ಎಲ್ಲೆರೆ ಒಂದ್ ಪ್ಲಗ್ ಇದ್ದಿದ್ರ..." ಮೊಬೈಲಿನ ಹೆಸರಿನಲ್ಲಿ ಪ್ಲಗ್ಗಿನ ನೆಲೆ ತಿಳಿಯುವುದು, ಆ ಮೇಲೆ ಊಟದ ಗದ್ದಲದಲ್ಲಿ ತಂತಿಯನ್ನು ಮೆಲ್ಲನೆ ಜೋಡಿಸಿಬಿಡುವುದು: ಇದು ಅವನ ವ್ಯೂಹ. ಮೊಬೈಲಿಗೆ ಕೇಳಿದರೆ ಗಾಡಿಗೆ ಕೇಳಿದಂತಾಗುವುದಿಲ್ಲವಲ್ಲ! ಕಳಕಪ್ಪನು ಒಳಗೆ ಹೋಗಿ ಪವರ್ ಬ್ಯಾಂಕ್ ತಂದು ಅವನ ತೊಡೆಯ ಮೇಲಿಟ್ಟನು.

"ಕುಂತಲ್ಲೇ ಮಾಡ್ಕೋರಿ. ಏಳೂ ತ್ರಾಸ ಯಾಕ?"

ಎರಡನೆಯ ಅಸ್ತ್ರವೂ ಅವನದೇ. "ನಿಮ್ಮೂರಾಗ ಕರೆಂಟ್ ಹೆಂಗ್ರೀ?"

"ಬಂಗಾರದಂಗ ಐತ್ರಿ," ಎಂದನು ಕಳಕಪ್ಪ.

"ಹೋಗೂದಿಲ್ಲೇನು?"

"ಎಲ್ಲಿ ಹೊಕ್ಕೈತ್ರಿ? ಇಲ್ಲೇ ಇರತೈತಿ."

ಕಳಕಪ್ಪನ ಮೀಸೆಯು ಒಮ್ಮೆ ಅದುರಿತು. ಏನೋ ಹೇಳಬೇಕೆಂದವನಂತೆ ಬಾಯಿ ತೆರೆದು, ಕೊಟ್ಟಿಗೆಯ ಕಡೆಗೊಮ್ಮೆ ನೋಡಿ, ಬಾಯಿ ಮುಚ್ಚಿದನು. ಸಂಗನಬಸಪ್ಪನು ಕಾದನು. ಕಳಕಪ್ಪನೂ ಕಾದನು. ಇಬ್ಬರು ಮದ್ದಾನೆಗಳ ನಡುವೆ ಬಿದ್ದ ಆ ಮೌನವನ್ನು ಎಮ್ಮೆಯೊಂದು ಮೂತ್ರ ಮಾಡಿ ಭಂಗಗೊಳಿಸಿತು.

ಆ ಬಳಿಕ ಊಟವೆಂಬ ಮಹಾಪ್ರಹಾರ. ಚಕ್ರದಂತೆ ದುಂಡಗಿದ್ದು ಮುಟ್ಟಿದರೆ ಮುರಿಯುವ ಎಳ್ಳು ಹಚ್ಚಿದ ಕಡಕ್ ಸಜ್ಜಿರೊಟ್ಟಿಗಳು, ಎಣ್ಣೆಯಲ್ಲಿ ಈಸುವ ತುಂಬುಗಾಯಿ ಬದನೆ, ಮಡಿಕೆಕಾಳು, ಗುರೆಳ್ಳಿನ ಹಿಂಡಿ, ಗಟ್ಟಿ ಮೊಸರು. ಮೇಲೆ ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ. ಬೀಗಿತ್ತಿ ಬಸಲಿಂಗವ್ವೆಯು ಬುಟ್ಟಿಯನ್ನು ಸೊಂಟಕ್ಕೇರಿಸಿ ಬಂದಳೆಂದರೆ ಎದುರು ನಿಲ್ಲುವವರಿಲ್ಲ. ಬೇಡವೆನ್ನುವಂತಿಲ್ಲ, ಧರ್ಮ. ಹೊತ್ತು ಕಳೆಯುತ್ತಿತ್ತು, ಹೊಟ್ಟೆ ಏರುತ್ತಿತ್ತು, ಚಾರ್ಜ್ ಮಾತ್ರ ಹತ್ತೊಂಬತ್ತರಲ್ಲೇ ನಿಂತಿತ್ತು.

"ಬೀಗರ, ಮಾರಿ ಯಾಕ ಸಣ್ಣಾಗೇತಿ? ಊಟ ಸೇರಲಿಲ್ಲೇನು?" ಎಂದಳು ಬಸಲಿಂಗವ್ವ.

"ಸೇರೇತ್ರಿ. ನನಗೇನೂ ಕಡಿಮಿ ಇಲ್ಲ."

"ನಿಮಗಿಲ್ಲ, ಖರೆ," ಎನ್ನುತ್ತ ಅವಳು ಬಾಗಿಲಾಚೆ ನಿಂತ ಬಿಳಿಯ ರಥವನ್ನು ನೋಡಿದಳು, ಗಂಡನನ್ನು ನೋಡಿದಳು. "ನಮ್ಮ ಎಮ್ಮಿಗಳಿಗೆ ಹೊತ್ತಿಗೆ ಸರಿಯಾಗಿ ಹಿಂಡಿ ಇಡದಿದ್ರ ಒದರಿ ಊರ ಎಬ್ಬಸತಾವು. ಪಾಪ, ಕೆಲವಕ್ಕ ಬಾಯಿ ಇರೂದಿಲ್ಲ."

"ನೀ ಒಳಗ ನಡಿ," ಎಂದನು ಕಳಕಪ್ಪ.

ಊಟವಾಗಿ, ಎಲೆ ಅಡಿಕೆಯಾಗಿ, ಮಳೆಯ ಮಾತು, ಹೆಸರಿನ ಧಾರಣೆಯ ಮಾತು, ಸತ್ತವರ ಮಾತು, ಎಲ್ಲವೂ ಆಗಿ, ಕಂಬದ ನೆರಳು ಉದ್ದವಾಗಿ ಕಟ್ಟೆಯನ್ನೇರಿತು. ಅಳಿಯನು ಹೆಸರಿನ ಚೀಲಗಳನ್ನು ತೆಗೆದುಕೊಂಡು ಹುಬ್ಬಳ್ಳಿಯ ಪೇಟೆಗೆ ಹೋದವನು ನಾಳೆಯವರೆಗೂ ಬರುವವನಲ್ಲ. ನಡುವೆ ನಿಂತು ಬಿಡಿಸುವವರಾರೂ ಇಲ್ಲ. ಆಗ ದಾನೇಶ್ವರಿಯು ಬಂದು ಅಪ್ಪನ ಪಕ್ಕದಲ್ಲಿ ಕೂತಳು. ಮುಡಿದ ಹೂವು ಅರ್ಧ ಬಾಡಿತ್ತು.

"ಅಪ್ಪಾ, ಹೊತ್ತ ಇಳೀತು."

"ಹೂಂ ಅವ್ವಾ."

"ದೀಪ ಹಚ್ಚಿದ್ರ ಕಳಸೂದಿಲ್ಲ ಇವರು."

"ಹೂಂ."

"ಅವ್ವ ಮುಂಜಾನಿಂದ ಮೂರ ಸರ್ತಿ ಫೋನ್ ಮಾಡ್ಯಾಳ. ಜೋಕಾಲಿ ಕಟ್ಟಿಸಿ ಕುಂತಾಳಂತ. ಓಣಿ ಹುಡುಗ್ಯಾರೆಲ್ಲಾ ಬಂದಾರಂತ." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ನಾಲ್ಕು ತಿಂಗಳಿಂದ ಈ ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಎಲ್ಲರಿಗಿಂತ ಕಡೆಗೆ ಉಂಡವಳು. "ನಿನಗ ಆಗದಿದ್ರ ಹೇಳಪಾ. ಮಾವನೋರ ಜೀಪಿನ್ಯಾಗ ಹೊಕ್ಕೇನಿ. ಇಲ್ಲಂದ್ರ... ಮುಂದಿನ ವರ್ಷ ಬರ್ತೇನಿ."

ಮುಂದಿನ ವರ್ಷ! ಆ ಎರಡು ಪದಗಳು ಉಳ್ಳಾಗಡ್ಡಿಯ ಪದರಪದರಗಳನ್ನೂ ಸೀಳಿ ಒಳಗೆ ಹೊಕ್ಕವು. ಅತ್ತ ನೂರು ಜನರೆದುರಿನ ಪ್ರತಿಜ್ಞೆ, ಇತ್ತ ಒಂದು ಬಾಡಿದ ಶ್ಯಾವಂತಿಗೆ. ಅತ್ತ ಕುಲಗೌರವ, ಇತ್ತ ಬೇವಿನ ಮರದಲ್ಲಿ ಖಾಲಿ ತೂಗುವ ಹಗ್ಗ. ಆಗ ವೀರಾಗ್ರೇಸರನು ರುಮಾಲನ್ನು ತೆಗೆದು ತೊಡೆಯ ಮೇಲಿಟ್ಟು, ದಿಕ್ಪಾಲಕರು ಉಸಿರು ಬಿಗಿಹಿಡಿದಿರಲು, ಎಮ್ಮೆಗಳು ಮೆಲುಕು ನಿಲ್ಲಿಸಿರಲು, ಜಗತ್ತಿನಲ್ಲಿ ಯಾವ ಶೂರನೂ ಮಾಡದ ಸಾಹಸವನ್ನು ಮಾಡಿದನು. ಕೇಳಿದನು.

"ಬೀಗರ... ಒಂದ್ ಪ್ಲಗ್ ಸಿಗತೈತೇನ್ರೀ?"

ಕಳಕಪ್ಪನು ಕಟ್ಟೆಯಿಂದ ಜಿಗಿದ ಪರಿಯನ್ನು ನೋಡಿದ್ದರೆ ಅವನಿಗೆ ಮಂಡಿನೋವಿದೆಯೆಂದು ಯಾರೂ ನಂಬುತ್ತಿರಲಿಲ್ಲ.

"ಅಯ್ಯಯ್ಯೋ ಬೀಗರ! ಮುಂಜಾನಿಂದ ಕಾಯಾಕತ್ತೀನಲ್ರೀ! ಕೇಳ್ರಿ, ಕೇಳ್ರಿ ಅಂತ ನಾನರೆ ಹೆಂಗ ಹೇಳ್ಲಿ?" ಎನ್ನುತ್ತ ಬೀಗನ ಕೈ ಹಿಡಿದು ಎಳೆದುಕೊಂಡು ಹೋಗಿ, ಕೊಟ್ಟಿಗೆಯ ಗೋಡೆಗೆ ತೂಗಿದ್ದ ಗೋಣಿತಟ್ಟನ್ನು ಸರಕ್ಕನೆ ಸರಿಸಿದನು. ಅಲ್ಲಿ ಹೊಚ್ಚಹೊಸ ಪ್ಲಗ್ಗಿನ ಪೆಟ್ಟಿಗೆ ಹೊಳೆಯುತ್ತಿತ್ತು. ಅದಕ್ಕೆ ವಿಭೂತಿ, ಕುಂಕುಮ, ಮೇಲೊಂದು ಚೆಂಡುಹೂವಿನ ಮಾಲೆ. "ನಿಮ್ಮ ಗಾಡಿ ಸಲುವಾಗೇ ರೋಣದಿಂದ ಕರೆಂಟಿನವನ್ನ ಕರಿಸಿ ಹಾಕಸೇನ್ರೀ. ಬ್ಯಾರೆ ಅರ್ಥಿಂಗ್, ತೆಗ್ಗು ತೋಡಿ, ಉಪ್ಪು ಇದ್ದಲಿ ತುಂಬಿಸಿ! ನಾನಾಗೇ 'ಹಚ್ಚ್ರಿ' ಅಂದ್ರ ನಿಮ್ಮ ಗಾಡಿಗೆ ತಾಕತ್ತಿಲ್ಲ ಅಂತ ಹಂಗಿಸಿದಂಗ ಆಗತಿತ್ತಲ್ರೀ. ಮದಿವ್ಯಾಗ ಅಂದ ಒಂದ ಮಾತಿಗೇ ನಾಕ್ ತಿಂಗಳ ಬೈಸಿಕೊಂಡೇನಿ ಈಕಿ ಕಡೆ."

"ಇನ್ನೂ ಬೈತೇನಿ," ಎಂದಳು ಬಸಲಿಂಗವ್ವ ಬಾಗಿಲಿನಿಂದ. "ಹೆಣ್ಣ ನೋಡಾಕ ಬಂದಂಗ ಇಬ್ರೂ ಮುಂಜಾನಿಂದ ನಾಚಿಕೊಂತ ಕುಂತಾರ. ನಡುವ ಕೂಸಿನ ಹಬ್ಬ ಹಾಳಾಗತಿತ್ತು."

ಸಂಗನಬಸಪ್ಪನು ಆ ಹೂಮಾಲೆಯನ್ನು ನೋಡಿದನು. ಏನಾದರೂ ಮಹತ್ತಾದ ಮಾತನ್ನಾಡಬೇಕೆಂದು ಗಂಟಲು ಸರಿಮಾಡಿಕೊಂಡು, "ಹದಿನೈದು ಆಂಪಿಯರ್ ಐತಲ್ರೀ?" ಎಂದನು.

"ಹದಿನಾರು!" ಎಂದನು ಕಳಕಪ್ಪ.

ರಥವನ್ನು ಕೊಟ್ಟಿಗೆಯ ಬಾಗಿಲಿಗೆ ತಂದರು, ತಂತಿ ಜೋಡಿಸಿದರು, ಸ್ವಿಚ್ ಒತ್ತಿದರು. ಹಸಿರು ದೀಪವು ಮಿನುಗತೊಡಗಿತು. ಇಬ್ಬರು ವೀರರೂ ಎದುರಿನ ಹೊರಸಿನ ಮೇಲೆ ಅಕ್ಕಪಕ್ಕ ಕೂತು, ಹೋಮಾಗ್ನಿಯನ್ನು ಕಾಯುವ ಋತ್ವಿಜರಂತೆ ಆ ದೀಪವನ್ನೇ ದಿಟ್ಟಿಸಿದರು. ಚಾರ್ಜ್ ಆಗುವ ಗಾಡಿಯನ್ನು ನೋಡುವುದು ಎಷ್ಟು ರೋಚಕವೆಂದು ನಿಮಗೆ ಗೊತ್ತಿರಬಹುದು. ಮೊದಲು ಕಳಕಪ್ಪನ ಮೀಸೆ ಬಾಗಿತು. ಬಳಿಕ ಉಳ್ಳಾಗಡ್ಡಿಯ ರುಮಾಲು ವಾಲಿತು. ಸಜ್ಜಿರೊಟ್ಟಿ, ಮೊಸರು, ಉಂಡಿಗಳೆಲ್ಲವೂ ಒಳಗಿನಿಂದ ಕೈಜೋಡಿಸಿದವು. ಸಮಬಲರಾದ ಇಬ್ಬರ ಗೊರಕೆಯು ಕೊಟ್ಟಿಗೆಯ ತೊಲೆಗಳನ್ನು ನಡುಗಿಸಿತು.

ಎಮ್ಮೆ ಹಿಂಡುವ ಹೊತ್ತಿಗೆ ದಾನೇಶ್ವರಿಯು ಬಂದು ಗಾಡಿಯೊಳಗೆ ಇಣುಕಿದಳು. ನಲವತ್ತೈದು.

"ಅಪ್ಪಾ, ಆತು ನೋಡು. ಹೋಗೂಣೇನು? ಅಪ್ಪಾ! ದೀಪ ಹಚ್ಚೂ ಹೊತ್ತಾತು."

ವೀರನು ಕಣ್ಣು ತೆರೆಯದೆಯೇ, ಯಾವುದೋ ಲೋಕದಿಂದ, ಗಂಭೀರವಾಗಿ, "ಹೂಂ, ನಡಿ," ಎಂದು ಮಗ್ಗುಲು ಹೊರಳಿದನು.

ಮಗಳು ಅತ್ತೆಯ ಮುಖ ನೋಡಿದಳು. "ನಡಿ ಅಂದಾನ್ರೀ ಅತ್ತಿ."

ನಮ್ಮ ಕಡೆಯ ಈ 'ನಡಿ'ಯೊಂದು ಮಹಾಮಾಯೆಯ ಮಾತು. 'ಹೋಗೋಣ' ಎಂದರೂ ನಡಿ, 'ನೀನು ಹೋಗು' ಎಂದರೂ ನಡಿ.

"ಅಪ್ಪ ಅಂದಮ್ಯಾಲ ನಡಿ ಮತ್ತ," ಎಂದಳು ಬಸಲಿಂಗವ್ವ, ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತ. "ಗಾಡಿ ನಿನಗ ಬರತೈತಿಲ್ಲೋ?"

"ಅಪ್ಪಗ ಕಲಿಸಿದಾಕೀನ ನಾನ್ರೀ."

"ಹಂಗಾರ ನಾನೂ ಬರ್ತೇನಿ. ಜೋಕಾಲಿ ಜೀಕಿ ಭಾಳ ವರ್ಷ ಆತು. ಇವರು ಏಳೂದ್ರಾಗ ನಾವು ಜೀಕಿ ಇಳದಿರತೇವಿ."

ಡೀಸೆಲ್ಲಿನ ಜೀಪಾಗಿದ್ದರೆ ಊರೇ ಏಳುತ್ತಿತ್ತು. ನಿಃಶಬ್ದಗಾಮಿನಿಯು ಅತ್ತೆ ಸೊಸೆಯರನ್ನು ಹೊತ್ತು, ಎ.ಸಿ. ತಂಪನ್ನು ಬೀರುತ್ತ, ಮಲಗಿದ ಇಬ್ಬರ ಕಾಲಬುಡದಿಂದಲೇ ಬೆಕ್ಕಿನಂತೆ ಜಾರಿ ಹೋಯಿತು. ಪ್ರತಿಜ್ಞೆಯ ಒಂದರ್ಧವಾದರೂ ಅಕ್ಷರಶಃ ನೆರವೇರಿತು: ಉಳ್ಳಾಗಡ್ಡಿಯ ಮಗಳು ಉಳ್ಳಾಗಡ್ಡಿಯ ರಥದಲ್ಲಿಯೇ ತವರಿಗೆ ಹೋದಳು. ಉಳ್ಳಾಗಡ್ಡಿಯೊಬ್ಬನು ಮಾತ್ರ ಅದರೊಳಗಿರಲಿಲ್ಲ.

ಅವನು ಎಚ್ಚೆತ್ತಾಗ ಎರೆಹಾಳದ ಎಲ್ಲ ಮನೆಗಳಲ್ಲಿ ದೀಪ ಹೊತ್ತಿ, ಈ ಮನೆಯೊಂದು ಮಾತ್ರ ಕತ್ತಲಾಗಿತ್ತು, ಹಚ್ಚುವವರಿರಲಿಲ್ಲ. ಎದುರಿಗೆ ನೆಲದ ಮೇಲೆ ತಂತಿ ಸುರುಳಿಯಾಗಿ ಬಿದ್ದಿತ್ತು. "ಕಳ್ಳತನಾ!" ಎಂದು ಕೂಗಲು ಅವನು ಬಾಯಿ ತೆರೆದಾಗ ಮೊಬೈಲು ಕೂಗಿತು.

"ಅಪ್ಪಾ, ಮುಟ್ಟಿದ್ವಿ. ಅವ್ವ, ಅತ್ತಿ ಇಬ್ರೂ ಒಂದ ಜೋಕಾಲಿ ಹತ್ಯಾರ, ಟೊಂಗಿ ಕಿರಗುಡತೈತಿ. ನೀ ಯಾವಾಗ ಬರತಿ? ಅತ್ತಿ ಉಂಡಿ ಡಬ್ಬಿ ಅಡಗಿಮನಿ ಕಟ್ಟಿಮ್ಯಾಲ ಮರತಾರಂತ, ತಗೊಂಡ ಬಾ."

ಇಬ್ಬರು ವೀರರು ಮುಖಮುಖ ನೋಡಿಕೊಂಡರು. ಕಳಕಪ್ಪನು ಜೀಪಿನ ಕೀಲಿ ತಂದನು. ಸಂಗನಬಸಪ್ಪನು ಉಂಡಿಯ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಜೀಪಿನೊಳಗೆ ಕೂತನು. ಕೀಲಿ ತಿರುಗಿತು. ಜೀಪು 'ಕುಂಯ್'ಗುಟ್ಟಿತು. ಮತ್ತೆ ತಿರುಗಿತು. ಮತ್ತೆ ಕುಂಯ್.

"ಬ್ಯಾಟರಿ..." ಎಂದನು ಕಳಕಪ್ಪ, ಮುಂದಿನ ಗಾಜನ್ನೇ ನೋಡುತ್ತ. ಬೀಗನನ್ನು 'ಇಳಿದು ನೂಕು' ಎನ್ನುವುದುಂಟೆ?

ಉಳ್ಳಾಗಡ್ಡಿ-ವಂಶಾಂಬುಧಿ-ಪೂರ್ಣಚಂದ್ರನು ಬೀಗನು ಬಾಯಿಬಿಟ್ಟು ಕೇಳುವವರೆಗೆ ಕಾಯಲಿಲ್ಲ. ಇಳಿದು, ಧೋತರದ ಕಚ್ಚೆ ಬಿಗಿದು, ಡಬ್ಬಿಯನ್ನು ಒಂದು ಕಂಕುಳಲ್ಲಿ ಅವುಚಿ, ಇನ್ನೊಂದು ಹೆಗಲನ್ನು ಜೀಪಿನ ಬೆನ್ನಿಗೆ ಕೊಟ್ಟು, ಮಂದರದಿಂದ ಕಡಲನ್ನು ಮಥಿಸುವವನಂತೆ ನೂಕಿದನು. ಗಾಲಿಗಳು ಅಲುಗಿದವು, ಉರುಳಿದವು, ಊರ ಹೆಬ್ಬಾಗಿಲಾದ ಅಗಸಿಯ ಇಳಿಜಾರಿಗೆ ಬಿದ್ದವು. ಜೀಪು ಕೆಮ್ಮಿ, ಅವನ ಮುಖಕ್ಕೆ ಒಂದು ಕೊಡ ಕರಿಹೊಗೆಯನ್ನು ಸುರಿದು, ಜೀವ ತಳೆದು ಘಟಘಟಿಸುತ್ತ ಓಡತೊಡಗಿತು.

"ನಿಲ್ಲಸ್ರೀ!" ಎಂದು ಕೂಗಿದನು ಸಂಗನಬಸಪ್ಪ.

"ನಿಲ್ಲಿಸಿದ್ರ ಮತ್ತ ಬಂದ್ ಆಗತೈತ್ರೀ!" ಎಂದು ಮುಂದಿನಿಂದ ಉತ್ತರ ಬಂದಿತು. "ಓಡ್ರಿ ಬೀಗರ, ಓಡಿ ಬಂದು ಹತ್ರಿ!"

ಮಹಾರಥನು ಉಂಡಿಯ ಡಬ್ಬಿಯೊಡನೆ ಓಡಿದನು.